ಮೂರು ಮನೆಗಳಿಗೆ ಒಂದೇ ಚೀಟಿ

ಜೋಗೇಶ್ವರಿಯ ನಮ್ಮ ಚಾಳಿನಲ್ಲಿ ಕಣ್ಣು ಮುಚ್ಚಿಕೊಂಡು ನಡೆದರೂ ಯಾರ ಖೋಲಿಯ ಮುಂದೆ ಇದ್ದೇನೆಂದು ಹೇಳಬಹುದಿತ್ತು. ಮೊದಲನೆಯದರಿಂದ ಒಣಮೀನು, ಆಮೇಲಿನದರಿಂದ ಅಗರಬತ್ತಿ, ಮೂರನೆಯದರಿಂದ ಹೊಲಿಗೆ ಯಂತ್ರದ ಎಣ್ಣೆ. ನಮ್ಮದು ಐದನೆಯದು. ಹಂಚಿನ ಮೇಲೆ ಜೋಳದ ಹಿಟ್ಟು ಕಂದಿದ ವಾಸನೆ. ಒಳಗೆ ಒಂದು ಮೂಲೆಯಲ್ಲಿ ಪಾತ್ರೆ ತಿಕ್ಕುವುದಕ್ಕೂ ಮೈ ತೊಳೆಯುವುದಕ್ಕೂ ಒಂದೇ ಮೋರಿ, ಅದರ ಎದುರಿಗೆ ಅವ್ವನ ಎರಡು ಸ್ಟೋವು, ತಲೆಯ ಮೇಲೆ ಹಿಟ್ಟಿನ ಡಬ್ಬಿಗಳ ಅಟ್ಟ. ಬಾಗಿಲಾಚೆ ಎಲ್ಲರಿಗೂ ಸೇರಿದ ಉದ್ದನೆಯ ಗ್ಯಾಲರಿ. ಅಪ್ಪ ಹತ್ತಿರದ ಒಂದು ಗಾಲಾದಲ್ಲಿ, ಅಂದರೆ ಒಂದೇ ಖೋಲಿಯ ಸಣ್ಣ ಕಾರ್ಖಾನೆಯಲ್ಲಿ, ಬೆಲ್ಟಿನ ಬಕಲ್‌ಗಳಿಗೆ ಪಾಲಿಶ್ ಹಾಕುತ್ತಿದ್ದ. ಸಂಜೆ ಬಂದವನು ಮೋರಿಯಲ್ಲಿ ಕುಳಿತು ಮೂಗು ತೊಳೆದರೆ ನೀರು ಕಪ್ಪಗೆ ಹರಿಯುತ್ತಿತ್ತು. ಅವ್ವ ರೊಟ್ಟಿ ಮಾರುತ್ತಿದ್ದಳು. ಬಿಜಾಪುರದ ಕಡೆಯಿಂದ ಬಂದು ಮುಂಬೈಯಲ್ಲಿ ಬೇರುಬಿಟ್ಟ ನಮ್ಮ ಮೂರು ಜನರ ಸಂಸಾರ ಬಹುಪಾಲು ಆ ರೊಟ್ಟಿಯ ಮೇಲೆಯೇ ನಿಂತಿತ್ತು.

ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಅವಳಂತೆ ವ್ಯಾಪಾರದ ಮಾತು ಬಲ್ಲವರನ್ನು ನಾನು ಆಮೇಲೆ ಎಷ್ಟೋ ವರ್ಷ ಆಫೀಸಿನಲ್ಲಿ ಕಳೆದರೂ ಕಾಣಲಿಲ್ಲ. ಅವಳಿಗೆ ಕಾಯಂ ಗಿರಾಕಿಗಳು ಮೂವರು. ಸಾಂತಾಕ್ರೂಜಿನ ಒಂದು ಸೊಸೈಟಿಯಲ್ಲಿದ್ದ ಗುಜರಾತಿ ಹೆಂಗಸು ಹಂಸಾಬೆನ್; ಅಂಧೇರಿಯಲ್ಲಿ ಹೋಟೆಲಿಟ್ಟಿದ್ದ ಉಡುಪಿ ಕಡೆಯ ರಾಮಣ್ಣ; ನಮ್ಮ ಚಾಳಿನ ಹಿಂದೆ ಏಳುತ್ತಿದ್ದ ಬಿಲ್ಡಿಂಗಿನಲ್ಲಿ ನಮ್ಮೂರ ಕಡೆಯ ಕೂಲಿಗಳನ್ನು ದುಡಿಸುತ್ತಿದ್ದ ಮುಕಾದಮ ಮಲ್ಲಪ್ಪ ಕಾಕಾ. ಶಾಲೆಗೆ ರಜೆ ಇದ್ದ ದಿನ ಅವ್ವ ನನ್ನನ್ನೂ ಕರೆದೊಯ್ಯುತ್ತಿದ್ದಳು. ಹಂಸಾಬೆನ್ ಮನೆಯ ಹೊಸ್ತಿಲಲ್ಲಿ ಅವಳು ಸೆರಗು ಬಿಗಿ ಮಾಡಿಕೊಂಡು, ಎಣ್ಣೆ ಸೋಕಿಲ್ಲ, ಈರುಳ್ಳಿ ಬೆಳ್ಳುಳ್ಳಿ ಮುಟ್ಟಿದ ಪಾತ್ರೆಯಲ್ಲ, ಸ್ನಾನ ಮಾಡಿಯೇ ಹಿಟ್ಟಿಗೆ ಕೈ ಹಾಕಿದ್ದು ಎಂದು ಹರುಕು ಹಿಂದಿಯಲ್ಲಿ ಮೆಲ್ಲಗೆ ಹೇಳುತ್ತಿದ್ದಳು. ರಾಮಣ್ಣನ ಕೌಂಟರಿನ ಮುಂದೆ ಅವಳ ಧ್ವನಿಯೇ ಬೇರೆ. ಅಲ್ಲಿ ನಾಲ್ಕೇ ಮಾತು: ಹನ್ನೊಂದಕ್ಕೆ ತಂದಿದ್ದೇನೆ, ಎಲ್ಲ ಒಂದೇ ಅಳತೆ, ಸಂಜೆತನಕ ಮುರಿಯುವುದಿಲ್ಲ. ಮಲ್ಲಪ್ಪ ಕಾಕಾನ ಕಡೆ ಹೋದರೆ ಇಟ್ಟಿಗೆಯ ಮೇಲೆ ಕುಳಿತೇಬಿಡುತ್ತಿದ್ದಳು. ಮಳೆ ಆಯಿತಂತಾ, ಎಮ್ಮೆ ಈಯಿತಂತಾ ಎಂದು ಕೇಳಿ, ಕೊನೆಗೆ ಎದ್ದು ಹೊರಡುವಾಗ, ಊರಿನ ಹಾಗೆ ದಪ್ಪ ಬಡಿದಿದ್ದೇನೆ, ಖಾರದ ಚಟ್ನಿ ಸುತ್ತಿಟ್ಟಿದ್ದೇನೆ ಎನ್ನುತ್ತಿದ್ದಳು.

ಇದನ್ನು ನೋಡಿ ನೋಡಿ ನನಗೆ ನಾಚಿಕೆಯಾಗತೊಡಗಿತು. ಆಗ ನನಗೆ ಹನ್ನೆರಡು ವರ್ಷ. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮೊದಲ ಬೆಂಚಿನವಳು. ಜಗತ್ತಿನಲ್ಲಿ ಸರಿ ಒಂದು, ತಪ್ಪು ಒಂದು, ನಡುವೆ ಏನೂ ಇಲ್ಲ ಎಂದು ನಂಬಿದ್ದೆ. ಒಂದು ದಿನ ಲೋಕಲ್‌ನಲ್ಲಿ ಖಾಲಿ ಡಬ್ಬಿಗಳನ್ನು ಕಾಲ ನಡುವೆ ಇಟ್ಟುಕೊಂಡು ನಿಂತಿದ್ದಾಗ ಅಂದೇಬಿಟ್ಟೆ.

"ಒಬ್ಬೊಬ್ಬರ ಮುಂದ ಒಂದೊಂದ ಮಾತ ಆಡ್ತೀಯಲ್ಲ ಅವ್ವಾ, ಅದು ಸುಳ್ಳ ಅಲ್ಲೇನು?"

ಅವ್ವನಿಗೆ ಸಿಟ್ಟು ಬಂತು. ಬೋಗಿಯ ಹೆಂಗಸರೆಲ್ಲ ತಿರುಗಿ ನೋಡುವ ಹಾಗೆ ಉತ್ತರ ಕೊಟ್ಟಳು.

"ಏನ ಸುಳ್ಳ ಹೇಳೀನಿ? ಎಣ್ಣಿ ಹಾಕಿಲ್ಲ, ಖರೆ. ಸಂಜಿತನಕ ಮುರಿಯಂಗಿಲ್ಲ, ಖರೆ. ಊರಾಗಿನಂಗ ದಪ್ಪ ಬಡದೀನಿ, ಅದೂ ಖರೆ. ಎಮ್ಮಿ ಈದದ್ದ ಹಂಸಾಬೆನ್ನಗ ಯಾಕ ಬೇಕ? ಮಂದಿ ಮಾರಿ ನೋಡಿ ಮಾತಾಡೂದ ಕಲಿ ಮೊದಲ. ಸಾಲಿ ಕಲತಾಳಂತ!"

ನಾನು ಕಲಿಯಲಿಲ್ಲ. ಮುಖ ಊದಿಸಿಕೊಂಡು ಕಿಟಕಿಯ ಕಡೆ ತಿರುಗಿದೆ.

ಅಪ್ಪ ಏಳನೆಯ ಇಯತ್ತೆಯವರೆಗೆ ಓದಿದ್ದ. ಚಾಳಿನ ಆಸುಪಾಸಿನ ಕನ್ನಡದ ಕೂಲಿಗಳಿಗೆ ಅದು ದೊಡ್ಡ ಓದು. ಭಾನುವಾರ ಬೆಳಿಗ್ಗೆ ಊರಿನಿಂದ ಬಂದ ಕಾಗದ ಹಿಡಿದುಕೊಂಡು ಅವರು ನಮ್ಮ ಗ್ಯಾಲರಿಗೆ ಬರುತ್ತಿದ್ದರು. ಅವರು ಮಾಸ್ತರ ಎಂದೇ ಕರೆಯುತ್ತಿದ್ದ ಅಪ್ಪ ಗೋಡೆಗೆ ಒರಗಿ ಕುಳಿತು ಓದುತ್ತಿದ್ದ. ಅವನದೊಂದು ಕ್ರಮ ಇತ್ತು. ಮೊದಲು ಇಡೀ ಕಾಗದವನ್ನು ತನ್ನೊಳಗೇ ಓದಿಕೊಳ್ಳುವುದು. ಆಮೇಲೆ ಎದುರಿಗೆ ಕುಳಿತವನ ಮುಖವನ್ನೊಮ್ಮೆ ನೋಡುವುದು. ಆಮೇಲೆಯೇ ಬಾಯಿ ತೆರೆಯುವುದು. ಯಾರದಾದರೂ ತಾಯಿ ತೀರಿಕೊಂಡ ಸುದ್ದಿ ಇದ್ದರೆ, "ಒಂದೀಟ ಚಾ ಕುಡಿ, ಆಮ್ಯಾಲ ಓದೂಣಂತ" ಎಂದು ಒಳಗೆ ನನಗೆ ಸನ್ನೆ ಮಾಡುತ್ತಿದ್ದ. ಚಹಾ ಮುಗಿಯುವ ಹೊತ್ತಿಗೆ ಆ ಮನುಷ್ಯನಿಗೆ ಅರ್ಧ ಗೊತ್ತಾಗಿರುತ್ತಿತ್ತು.

ಆ ಮಳೆಗಾಲ ಕಳೆದರೂ ಅಪ್ಪನ ಕೆಮ್ಮು ನಿಲ್ಲಲಿಲ್ಲ. ಶರ್ಟಿನ ಕಾಲರ್ ದೊಡ್ಡದಾಗಿ ಕಾಣತೊಡಗಿತು. ದವಾಖಾನೆಯಲ್ಲಿ ಕಫ ಪರೀಕ್ಷೆ ಮಾಡಿ, ಎದೆಯ ಫೋಟೋ ತೆಗೆದರು. ಫಲಿತಾಂಶ ಕೇಳುವ ದಿನ ಅಪ್ಪನಿಗೆ ಗಾಲಾದಲ್ಲಿ ರಜೆ ಸಿಗದೆ ಅವ್ವ ನನ್ನನ್ನು ಕರೆದೊಯ್ದಳು. ಡಾಕ್ಟರು ಮರಾಠಿಯಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಂದೆ. ಟಿ.ಬಿ. ಆಗಿದೆ. ಗುಳಿಗೆ ಬಹಳ ತಿಂಗಳು ನುಂಗಬೇಕು, ಒಂದು ದಿನವೂ ತಪ್ಪಬಾರದು. ಊಟದಿಂದ ಹರಡುವುದಿಲ್ಲ, ಕೆಮ್ಮಿನಿಂದ ಹರಡುತ್ತದೆ. ಗುಳಿಗೆ ಹಿಡಿದ ಮೇಲೆ ಕೆಲವು ವಾರಗಳಲ್ಲಿ ಆ ಭಯವೂ ಬಹಳ ಮಟ್ಟಿಗೆ ಹೋಗುತ್ತದೆ. ಅವ್ವ ದವಾಖಾನೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತಳು. ಅಪ್ಪನ ಅಣ್ಣನೂ ಇದೇ ರೋಗದಿಂದ ಊರಿನಲ್ಲಿ ಸತ್ತಿದ್ದ. ಅವನನ್ನು ದನದ ಕೊಟ್ಟಿಗೆಯಲ್ಲಿಟ್ಟು, ಊಟದ ಗಂಗಾಳವನ್ನು ಕೋಲಿನಿಂದ ದೂಡುತ್ತಿದ್ದರಂತೆ. ದೂಡುವ ಕೆಲಸ ಸಣ್ಣವನಾಗಿದ್ದ ಅಪ್ಪನದು.

"ಅಪ್ಪಗ ಹೆಸರ ಹೇಳಬ್ಯಾಡ. ಎದಿಯಾಗ ಕಫ ಕಟ್ಟೈತಿ, ಗುಳಿಗಿ ಕೊಟ್ಟಾರ, ಅಷ್ಟ. ಮುಂದಿನದ ನಾ ಹೇಳ್ತೀನಿ" ಎಂದಳು.

ರೊಟ್ಟಿಯನ್ನು ಒಂದು ತಿಂಗಳು ನಿಲ್ಲಿಸಬೇಕೆಂದು ಅವ್ವನೇ ನಿರ್ಧರಿಸಿದಳು. ಊಟದಿಂದ ಹರಡುವುದಿಲ್ಲವೆಂದು ಡಾಕ್ಟರು ಹೇಳಿದ್ದರೂ, ಅದೇ ಖೋಲಿಯಲ್ಲಿ ಬಡಿದ ರೊಟ್ಟಿಯನ್ನು ಇನ್ನೊಬ್ಬರ ಬಾಯಿಗೆ ಕೊಡಲು ಅವಳ ಮನಸ್ಸು ಒಪ್ಪಲಿಲ್ಲ. ಮರುದಿನ ಶನಿವಾರ. ಕೊನೆಯ ರೊಟ್ಟಿಗಳ ಜೊತೆ ಮೂವರಿಗೂ ಚೀಟಿ ಕೊಟ್ಟು ಬರಬೇಕಾಗಿದ್ದವಳು ನಾನು.

"'ಮನ್ಯಾಗ ಅಡಚಣಿ ಐತಿ, ಒಂದ ತಿಂಗಳ ರೊಟ್ಟಿ ಇಲ್ಲ, ನಾ ಬಂದ ಮಾತಾಡ್ತೀನಿ.' ಇಷ್ಟ ಬರಿ. ಒಂದ ಅಕ್ಷರ ಹೆಚ್ಚ ಬ್ಯಾಡ" ಎಂದು ಹೇಳಿ ಅವ್ವ ಹಿಟ್ಟಿನ ಗಿರಣಿಗೆ ಹೋದಳು.

ಆ ವಾರವಷ್ಟೇ ಶಾಲೆಯಲ್ಲಿ ವ್ಯವಹಾರ ಪತ್ರ ಬರೆಯುವುದನ್ನು ಕಲಿಸಿದ್ದರು. ವಿಷಯ ಸ್ಪಷ್ಟವಾಗಿರಬೇಕು, ಕಾರಣ ಕೊಡಬೇಕು, ಏನನ್ನೂ ಮುಚ್ಚಿಡಬಾರದು. ನನ್ನ ಪತ್ರವನ್ನು ಟೀಚರ್ ಇಡೀ ತರಗತಿಗೆ ಓದಿ ತೋರಿಸಿದ್ದರು. ಅವ್ವ ಹೇಳಿದ ಮಾತು ನನಗೆ ಮುಚ್ಚಿಡುವ ಮಾತಾಗಿ ಕಂಡಿತು. ಒಬ್ಬೊಬ್ಬರಿಗೆ ಒಂದೊಂದು ಹೇಳುವ ಅವಳ ಚಾಳಿಯನ್ನು ನಾನಾದರೂ ತಿದ್ದಬೇಕೆಂದುಕೊಂಡೆ. ಶಾಲೆಯ ನೋಟ್‌ಬುಕ್ಕಿನ ಹಾಳೆ ಹರಿದು, ನಡುವೆ ಕಾರ್ಬನ್ ಇಟ್ಟು, ಕೈ ಒತ್ತಿ ಬರೆದೆ.

"ಮಾನ್ಯರೇ, ನಮ್ಮ ತಂದೆಯವರಿಗೆ ಕ್ಷಯರೋಗ ಇರುವುದಾಗಿ ವೈದ್ಯರು ತಿಳಿಸಿದ್ದಾರೆ. ಆದಕಾರಣ ನಾಳೆಯಿಂದ ಒಂದು ತಿಂಗಳು ರೊಟ್ಟಿ ಇರುವುದಿಲ್ಲ. ಈ ರೋಗವು ಆಹಾರದಿಂದ ಹರಡುವುದಿಲ್ಲವಾದ್ದರಿಂದ ಯಾರೂ ಹೆದರಬಾರದಾಗಿ ವಿನಂತಿ."

ಮೇಲಿನ ಪ್ರತಿ ರಾಮಣ್ಣನಿಗೆ, ಕಾರ್ಬನ್ ಪ್ರತಿ ಮಲ್ಲಪ್ಪ ಕಾಕಾನಿಗೆ. ಅದನ್ನೇ ಹಿಂದಿಯಲ್ಲಿ ಬರೆದು ಹಂಸಾಬೆನ್‌ಗೆ. ಸಾಂತಾಕ್ರೂಜಿನಲ್ಲಿ ಬಾಗಿಲು ತೆರೆದ ಕೆಲಸದವಳ ಕೈಗೆ ಕೊಟ್ಟೆ. ಅಂಧೇರಿಯಲ್ಲಿ ರಾಮಣ್ಣ ಇರಲಿಲ್ಲ, ಕೌಂಟರಿನಲ್ಲಿದ್ದವನ ಕೈಗೆ ಕೊಟ್ಟೆ. ಮಲ್ಲಪ್ಪ ಕಾಕಾ ಚೀಟಿ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, ಮಡಚಿ ರುಮಾಲಿನೊಳಗೆ ಸಿಕ್ಕಿಸಿಕೊಂಡ. "ಭಾಳ ಚಲೋ ಆತವಾ" ಎಂದ. ಅವನು ಯಾಕೆ ಹಾಗೆ ತಿರುಗಿಸಿ ನೋಡಿದನೆಂದು ನಾನು ಯೋಚಿಸಲಿಲ್ಲ. ಪ್ರತಿ ಭಾನುವಾರ ನಮ್ಮ ಗ್ಯಾಲರಿಯಲ್ಲಿ ಕಾಗದ ಹಿಡಿದು ಕೂರುತ್ತಿದ್ದವರಲ್ಲಿ ಅವನೂ ಒಬ್ಬ ಎನ್ನುವುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಮರುದಿನ ಬೆಳಿಗ್ಗೆ ಅವ್ವ ನಳದ ಸಾಲಿನಲ್ಲಿದ್ದಳು. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಗ್ಯಾಲರಿಯಲ್ಲಿ ಮಲ್ಲಪ್ಪ ಕಾಕಾನ ಧ್ವನಿ ಕೇಳಿತು.

"ಮಾಸ್ತರ, ಇದೊಂದ ಚೀಟಿ ಓದ್ರಿ. ನಿಮ್ಮ ಹುಡಿಗಿನ ಕೊಟ್ಟ ಹೋಗ್ಯಾಳ. ಏನ ಐತೋ ಏನೋ."

ನನ್ನ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು. ಎದ್ದು ಓಡಿ ಹೋಗಿ ಕಿತ್ತುಕೊಳ್ಳಬಹುದಿತ್ತು. ಬಾಗಿಲು ನಾಲ್ಕು ಹೆಜ್ಜೆ ದೂರ. ಆದರೆ ನಾನು ಏಳಲಿಲ್ಲ. ಬಾಗಿಲಿನ ಸಂದಿನಿಂದ ಅಪ್ಪ ಕಾಣುತ್ತಿದ್ದ. ಅವನು ಹಾಳೆ ಬಿಡಿಸಿ, ಎಂದಿನಂತೆ ಮೊದಲು ತನ್ನೊಳಗೆ ಓದಿಕೊಂಡ. ಚಿಕ್ಕ ಚೀಟಿ, ಆದರೂ ಬಹಳ ಹೊತ್ತು ಓದಿದ. ಆಮೇಲೆ ತಲೆ ಎತ್ತಿ ಮಲ್ಲಪ್ಪ ಕಾಕಾನ ಮುಖ ನೋಡಿದ.

"ಒಂದ ತಿಂಗಳ ರೊಟ್ಟಿ ಇರಂಗಿಲ್ಲಂತ ಮಲ್ಲಪ್ಪ. ಮನ್ಯಾಗ ಆರಾಮಿಲ್ಲಂತ."

"ಅಯ್ಯ, ಯಾರಿಗ್ರೀ?"

"ನನಗ. ಕೆಮ್ಮ ಐತಲ್ಲ, ಅದ."

"ಅಷ್ಟಕ್ಕ ಚೀಟಿ ಯಾಕ ಬರದಾಳ್ರಿ? ಬಾಯಿಲೆ ಹೇಳಿದ್ರ ಆಗತಿತ್ತ" ಎಂದು ಮಲ್ಲಪ್ಪ ಕಾಕಾ ನಕ್ಕ. ಅಪ್ಪನೂ ನಕ್ಕ ಹಾಗೆ ಮಾಡಿದ. ಕಾಕಾ ಹೋದ ಮೇಲೆ ಅಪ್ಪ ಗೋಡೆಯಿಂದ ಬೆನ್ನು ತೆಗೆದು, ಗ್ಯಾಲರಿಯ ಕಟಕಟೆಯ ಕಡೆಗೆ, ಮಂದಿಯಿಂದ ದೂರ ಸರಿದು ಕುಳಿತ. ನಾನು ಬಾಗಿಲಿಗೆ ಬಂದೆ. ಅವನು ಕೈ ಅಡ್ಡ ಮಾಡಿದ, ಹತ್ತಿರ ಬರಬೇಡ ಎನ್ನುವ ಹಾಗೆ.

"ಅಕ್ಷರ ಚಲೋ ಆಗ್ಯಾವ" ಎಂದ.

ನೀರಿನ ಕೊಡ ಹೊತ್ತು ಬಂದ ಅವ್ವ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಕೊಡ ಇಳಿಸಿದಳು. ಚೀಟಿಯಲ್ಲಿ ಏನಿದೆ ಎಂದು ನನ್ನಿಂದಲೇ ಓದಿಸಿಕೊಂಡಳು. ಹೊಡೆಯುತ್ತಾಳೆಂದು ಕಾಯುತ್ತಿದ್ದೆ. ಹೊಡೆಯಲಿಲ್ಲ.

"ನಾ ಖರೇನ ಹೇಳಾಕಿದ್ದೆ ಕಸ್ತೂರಿ" ಎಂದಳು. "ಎಲ್ಲಾರಿಗೂ ಹೇಳಾಕಿದ್ದೆ. ಅವರವರ ಮುಂದ ಕುಂತ ಹೇಳಾಕಿದ್ದೆ. ಇಂವಗ, ಗುಳಿಗಿ ಹತ್ತಿ ಒಂದೀಟ ಮೈ ತುಂಬಿದ ಮ್ಯಾಲ, 'ಆ ಬ್ಯಾನಿ ಬಂದಿತ್ತ, ಹೊಂಟ ಹೋಗಾಕತ್ತೈತಿ' ಅಂತ ಹೇಳಾಕಿದ್ದೆ. ಬಂದೈತಿ ಅನ್ನೂದಕ್ಕೂ ಹೋಗಾಕತ್ತೈತಿ ಅನ್ನೂದಕ್ಕೂ ಎಷ್ಟ ಫರಕ ಐತಿ ಗೊತ್ತೈತೇನ?"

ಸೋಮವಾರ ಅವಳು ನನ್ನನ್ನು ಶಾಲೆಗೆ ಕಳಿಸಲಿಲ್ಲ. ಜೊತೆಗೆ ಕರೆದೊಯ್ದಳು. ಸಾಂತಾಕ್ರೂಜಿನಲ್ಲಿ ನಮ್ಮ ಡಬ್ಬಿಗಳನ್ನು ಆಗಲೇ ತೊಳೆದು ಬಾಗಿಲ ಹೊರಗೆ ಪೇಪರಿನ ಮೇಲೆ ಇಟ್ಟಿದ್ದರು. ಹಂಸಾಬೆನ್ ಅರ್ಧ ಬಾಗಿಲು ತೆರೆದಳು.

"ಬುರಾ ಮತ್ ಮಾನ್ನಾ ಬೇನ್. ಬಹೂ ಪೇಟ್ ಸೇ ಹೈ."

ಬೇಸರ ಮಾಡಿಕೊಳ್ಳಬೇಡ, ಸೊಸೆ ಬಸುರಿ ಎಂದಳು. ಅದು ಅವ್ವನಿಗೆ ತಿಂಗಳಿನಿಂದ ಗೊತ್ತಿತ್ತು. ಅವಳು ಹುಳಿ ತಿನ್ನುತ್ತಾಳೆಂದು ಹುಣಸೆ ತೊಕ್ಕು ಮಾಡಿಕೊಡುವ ಯೋಚನೆಯಲ್ಲೂ ಇದ್ದಳು. ನಾನು ಬರೆದ 'ಯಾರೂ ಹೆದರಬಾರದು' ಎಂಬ ಮಾತು ಆ ಮನೆಯಲ್ಲಿ ಯಾರ ಕಿವಿಗೆ ಬಿದ್ದಿರಬಹುದೆಂದು ನನಗೆ ಆಗ ಹೊಳೆಯಿತು. ಅವ್ವ ಮೆಟ್ಟಿಲು ಇಳಿದು ದೂರ ನಿಂತು, ಮಗು ಹುಟ್ಟುವವರೆಗೆ ನಾನೇ ಬರುವುದಿಲ್ಲ, ನೀವು ಮಾಡಿದ್ದು ಸರಿ ಎಂದಳು. ಹಂಸಾಬೆನ್ ಕಣ್ಣಿಗೆ ಸೆರಗು ಒತ್ತಿಕೊಂಡಳು, ಬಾಗಿಲು ಮುಚ್ಚಿದಳು. ಅಂಧೇರಿಯಲ್ಲಿ ರಾಮಣ್ಣ ನಮ್ಮನ್ನು ಹಿಂದಿನ ಓಣಿಗೆ ಕರೆದುಕೊಂಡು ಹೋದ.

"ಎಂತ ಕೆಲ್ಸ ಮಾಡಿದ್ದು ಅಕ್ಕ ನೀವು? ನನ್ನತ್ರ ಬಾಯಲ್ಲಿ ಹೇಳಿದ್ರೆ ಸಾಕಿತ್ತು. ಕೌಂಟರಲ್ಲಿ ಕೊಟ್ಟ ಕಾಗದ ಹತ್ತು ಜನ ಓದಿಯಾಯ್ತು. ಇನ್ನು ನಾನು ನಿಮ್ಮ ರೊಟ್ಟಿ ಇಟ್ರೆ ಗಿರಾಕಿ ಒಳಗೆ ಬರುದಿಲ್ಲ. ನಂಗೆ ಬೇಜಾರುಂಟು, ಆದ್ರೆ ಎಂತ ಮಾಡುದು?"

ಅವ್ವ ಅವನ ಹತ್ತಿರ ಊರಿನ ಮಾತು, ದುಃಖದ ಮಾತು ಏನೂ ಆಡಲಿಲ್ಲ. "ನಿಮ್ಮ ಧಂದಾ ನೀವ ನೋಡಬೇಕ್ರಿ" ಎಂದಷ್ಟೇ ಹೇಳಿ ಕೈ ಮುಗಿದಳು. ಮಲ್ಲಪ್ಪ ಕಾಕಾ ಒಬ್ಬನೇ ರೊಟ್ಟಿ ಬಿಡಲಿಲ್ಲ. ಅವ್ವ ಇಟ್ಟಿಗೆಯ ಮೇಲೆ ಕುಳಿತು ರೋಗದ ಹೆಸರನ್ನು ಹೇಳಿದಾಗ ಅವನು ತನ್ನ ರುಮಾಲು ತೆಗೆದು ಮಡಿಲಲ್ಲಿಟ್ಟುಕೊಂಡ. "ಮಾಸ್ತರ ಕೈಯಾಗ ನಾನ ಕೊಟ್ನೆಲ್ಲವಾ ಅದನ್ನ" ಎಂದು ಎರಡು ಸಲ ಅಂದ.

ಮುಂದೆ ನಾನು ಅಂಧೇರಿಯ ಒಂದು ವಿಮಾ ಕಚೇರಿಯಲ್ಲಿ ಬದುಕಿನ ಬಹುಭಾಗ ಕಳೆದೆ. ಗಿರಾಕಿಗಳಿಗೆ ಪತ್ರ ಬರೆಯುವ ವಿಭಾಗ. ಹೊಸದಾಗಿ ಸೇರಿದ ಹುಡುಗಿಯರು ಕರಡು ತಂದರೆ ನಾನು ಕೇಳುತ್ತಿದ್ದುದು ಎರಡೇ: ಇದನ್ನು ಓದುವವರು ಯಾರು? ಅವರಿಗೆ ಓದಲು ಬರದಿದ್ದರೆ ಓದಿ ಹೇಳುವವರು ಯಾರು? ಗಂಡನನ್ನು ಕಳೆದುಕೊಂಡವಳಿಗೂ ಕಾರು ಗುದ್ದಿಸಿಕೊಂಡವನಿಗೂ ಒಂದೇ ಒಕ್ಕಣೆಯ ಪತ್ರ ಹೋಗುವುದನ್ನು ನಾನು ಸಹಿಸುತ್ತಿರಲಿಲ್ಲ. ಮೇಡಂ ಬಹಳ ಕಟ್ಟುನಿಟ್ಟು ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಈಗ ಎಲ್ಲ ಮೊಬೈಲಿನಲ್ಲಿ ಒಂದೇ ಸಲಕ್ಕೆ ಸಾವಿರ ಜನಕ್ಕೆ ಹೋಗುತ್ತದಂತೆ. ನಾನು ನಿವೃತ್ತಳಾಗಿ ಒಳ್ಳೆಯದೇ ಆಯಿತು.

ಚಾಳಿಗೆ ಸುದ್ದಿ ಮುಟ್ಟಲು ವಾರ ಸಾಕಾಯಿತು. ಅಪ್ಪ ಆ ವಾರವೆಲ್ಲ ತನ್ನ ಗಂಗಾಳ, ಲೋಟ ತಾನೇ ತೊಳೆದು ಬೇರೆ ಇಟ್ಟುಕೊಂಡ. ಅವ್ವ ಎಷ್ಟು ಬೈದರೂ ಬಿಡಲಿಲ್ಲ. ಒಂದು ಸಂಜೆ, ಊರಿಗೆ, ಅಕ್ಕನ ಮನೆಗೆ ಹೋಗುತ್ತೇನೆಂದ.

"ನಾ ಇಲ್ಲಿರೂತನಕ ಈ ಮನಿ ರೊಟ್ಟಿ ಯಾರ ತಿಂತಾರ? ಅಲ್ಲಿ ಗಾಳಿ ಚಲೋ ಐತಿ. ಗುಳಿಗಿ ಎಲ್ಲಿ ನುಂಗಿದ್ರೂ ಗುಳಿಗೀನ."

ದವಾಖಾನೆಯಲ್ಲಿ ಎರಡು ತಿಂಗಳ ಗುಳಿಗೆ ಕೊಟ್ಟು, ಮುಂದಿನದಕ್ಕೆ ಅಲ್ಲಿನ ತಾಲೂಕು ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಸ್ಟೇಷನ್ನಿನಲ್ಲಿ ಗಾಡಿಯ ಕಿಟಕಿಯ ಸರಳು ಹಿಡಿದು ನಿಂತು ನಾನು ಏನೋ ಹೇಳಲು ಹೋದೆ. ತಪ್ಪಾಯಿತು ಎನ್ನುವ ಮೊದಲೇ ಅಳು ಬಂತು. ಅಪ್ಪನೇ ಮಾತು ಎತ್ತಿದ.

"ಅಳಬ್ಯಾಡ. ನೀ ಖರೇನ ಬರದಿದ್ದೆಲ್ಲ. ವಾರಕ್ಕೊಂದ ಕಾಗದ ಹಾಕ್ತೀನಿ, ಅವ್ವಗ ಓದಿ ಹೇಳ."

ಮಾತಿನಂತೆ ವಾರಕ್ಕೊಂದು ನೀಲಿ ಕಾಗದ ಬಂತು. ಅವ್ವ ಹಿಟ್ಟಿನ ಕೈ ಒರೆಸಿಕೊಂಡು ಎದುರಿಗೆ ಕೂರುತ್ತಿದ್ದಳು. ಕೆಮ್ಮು ಕಡಿಮೆಯಾಗಿದೆ. ಅಕ್ಕ ದಿನಾ ಹಾಲು ಕುಡಿಸುತ್ತಾಳೆ. ನಿನ್ನೆ ಕಾಲುವೆಯವರೆಗೆ ನಡೆದುಹೋಗಿ ಬಂದೆ. ಎರಡು ರೊಟ್ಟಿ ಉಂಡೆ, ಆದರೆ ನಿನ್ನ ಕೈಯ ರುಚಿ ಇಲ್ಲ. ಕಸ್ತೂರಿಯ ಓದು ಹೇಗಿದೆ? ಪ್ರತಿ ಕಾಗದದಲ್ಲೂ ಕೊನೆಯ ಸಾಲು ನನ್ನ ಓದಿನದು. ಅಷ್ಟರಲ್ಲಿ ಅವ್ವನೂ ಹೊಸ ಗಿರಾಕಿಗಳನ್ನು ಹುಡುಕಿಕೊಂಡಿದ್ದಳು. ಮನೆಯೊಳಗೆ ಮತ್ತೆ ಬಡಿಯುವ ಸದ್ದು ಶುರುವಾಗಿತ್ತು. ಬೇಸಿಗೆ ರಜೆಗೆ ಅಪ್ಪನನ್ನು ಕರೆತರುವುದೆಂದು ಮಾತಾಡಿಕೊಂಡಿದ್ದೆವು.

ಯುಗಾದಿಗೆ ಇನ್ನೂ ಹತ್ತು ದಿನ ಇರುವಾಗ ಊರಿನಿಂದ ಒಬ್ಬರು ಬಂದು ಬಾಗಿಲಲ್ಲಿ ನಿಂತರು. ಅಪ್ಪ ಹೋಗಿಬಿಟ್ಟಿದ್ದ.

ನಾವು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅತ್ತೆ ಅವನ ಶರ್ಟು ತಂದು ಅವ್ವನ ಮಡಿಲಲ್ಲಿಟ್ಟಳು. ಜೇಬಿನಲ್ಲಿ ತಾಲೂಕು ಆಸ್ಪತ್ರೆಯ ಚೀಟಿ ಮಡಿಕೆ ಬಿಚ್ಚದೆ ಇತ್ತು.

"ಎಷ್ಟ ಹೇಳಿದ್ರೂ ಹೋಗಲಿಲ್ಲವಾ ನನ್ನ ತಮ್ಮ" ಎಂದಳು ಅತ್ತೆ. "ಅಲ್ಲಿ ಸಾಲಿನ್ಯಾಗ ನಿಂತ್ರ ಊರಿಗೆಲ್ಲಾ ಹೆಸರ ಗೊತ್ತಾಗತೈತಿ ಅಂದ. ಗುಳಿಗಿ ಮುಗದ ಒಂದ ತಿಂಗಳಿಗೆ ಹಾಸಿಗಿ ಹಿಡದ. ಸಂಕ್ರಾಂತಿ ಆದ ಮ್ಯಾಲ ಎದ್ದ ಕುಂತಾವನ ಅಲ್ಲ. ಕಾಗದ ಬರಿಯಾಕ ಅಷ್ಟ ಗ್ವಾಡಿಗೆ ಆನಿಸಿ ಕುಂದರಸತಿದ್ದೆ. ನಾಕ ಸಾಲ ಬರಿಯೂದರಾಗ ಮಧ್ಯಾಹ್ನ ಮುಗೀತಿತ್ತ."

ಕಾಲುವೆ ಆ ಮನೆಯಿಂದ ಒಂದು ಹರದಾರಿ, ಮೂರು ಮೈಲಿ, ದೂರ ಇತ್ತು. ನಾನೇ ಹೋಗಿ ನೋಡಿ ಬಂದೆ.

ತಿರುಗಿ ಬರುವಾಗ ಗಾಡಿಯಲ್ಲಿ ಅವ್ವ ನನ್ನ ಪಕ್ಕ ಕುಳಿತಿದ್ದಳು. ಬಿಸಿಲು ಕಿಟಕಿಯಿಂದ ಅವಳ ಮುಖದ ಮೇಲೆ ಬೀಳುತ್ತಿತ್ತು, ಅವಳು ಸೆರಗು ಎಳೆದುಕೊಳ್ಳಲಿಲ್ಲ. ಸೋಲಾಪುರ ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

"ಖರೇ ಹೇಳ ಕಸ್ತೂರಿ. ಆ ಕಾಗದದಾಗ ಇದ್ದದ್ದ ಓದೀಯೋ, ನನ್ನ ಸಲುವಾಗಿ ಬದಲಿಸಿ ಓದೀಯೋ?"

"ಇದ್ದದ್ದ ಓದೀನಿ ಅವ್ವಾ. ಒಂದ ಅಕ್ಷರಾನೂ ಬದಲಿಸಿಲ್ಲ. ದೇವರಾಣಿ."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಂಬಿದಳೆಂದು ಗೊತ್ತಾಯಿತು.

"ಹಂಗಾರ ಅಂವನ ಬದಲಿಸ್ಯಾನ" ಎಂದಳು. "ಓದಾಕಿ ನೀ ಅಂತ ಗೊತ್ತಿತ್ತಲ್ಲ ಅವಗ."

ಆಮೇಲೆ ಅವಳು ನನ್ನ ತಲೆಯನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡಳು. ಗಾಡಿ ಕುರ್ಡುವಾಡಿಯಲ್ಲಿ ನಿಂತಿತು, ಮುಂದೆ ದೌಂಡಿನಲ್ಲಿ ನಿಂತಿತು, ಜನ ಹತ್ತಿದರು, ಇಳಿದರು. ನನ್ನ ಅಳು ನಿಲ್ಲಲಿಲ್ಲ. ಅವಳು ನಿಲ್ಲಿಸು ಎನ್ನಲೂ ಇಲ್ಲ.